ನಿಮಗಿದು ಗೊತ್ತೇ? ಅಂದು ಹಾಗಾಗದೇ ಹೋಗಿದ್ದರೆ...

ಅಂತರಘಟ್ಟಮ್ಮನ ಜಾತ್ರೆಗೆ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ದಿಕ್ಕಿನಿಂದ ಎತ್ತಿನ ಗಾಡಿಗಳು ಬರುತ್ತವೆ. ಆ ದಾರಿಗಳ ಅಕ್ಕಪಕ್ಕದ ಊರುಗಳಲ್ಲಿ ಗಂಗರು, ಹೊಯ್ಸಳರು, ಸೇವುಣರು, ವಿಜಯನಗರದವರು ಎಲ್ಲರ ಏಳುಬೀಳಿನ ಒಂದೊಂದು ತುಣುಕು ಉಳಿದಿದೆ. ಈ ವಾರದ ಅಂಕಣಕ್ಕೆ ಆ ತುಣುಕುಗಳೇ ಸರಕು. ‘ಅಂದು ಹಾಗಾಗದೇ ಹೋಗಿದ್ದರೆ?’ ಎಂಬ ಪ್ರಶ್ನೆಯನ್ನು ಒಂದೊಂದಕ್ಕೂ ಹಾಕಿ ನೋಡೋಣ. ಮೊದಲು ನಡೆದ ಸಂಗತಿ, ಆಮೇಲೆ ಊಹೆ. ಬುಡವಿಲ್ಲದ ಊಹೆ ಇಲ್ಲಿ ಬೇಡ.

ಕಡೂರಿನಲ್ಲಿ 971ರ ಒಂದು ಶಾಸನವಿದೆ. ಪಾಂಬಬ್ಬೆ ಎಂಬ ಹೆಣ್ಣುಮಗಳ ನೆನಪಿನದು. ಈಕೆ ಗಂಗ ದೊರೆ ಬೂತುಗನ ಅಕ್ಕ, ಪಡಿಯರ ದೋರಪಯ್ಯನ ಹೆಂಡತಿ. ಅರಮನೆಯ ಬದುಕು ಬಿಟ್ಟು, ಜೈನ ಪದ್ಧತಿಯಂತೆ ತಲೆಗೂದಲು ಕಿತ್ತುಕೊಂಡು ದೀಕ್ಷೆ ಪಡೆದಳು. 30 ವರ್ಷ ತಪಸ್ಸು ಮಾಡಿ ದೇಹ ಬಿಟ್ಟಳು. ಅಕ್ಕ ಹೀಗೆ ಲೋಕಕ್ಕೆ ಬೆನ್ನು ಮಾಡಿ ಕೂತಿದ್ದ ವರ್ಷಗಳಲ್ಲೇ ತಮ್ಮ ದಕ್ಷಿಣ ಭಾರತದ ಚರಿತ್ರೆಯನ್ನು ಒಂದೇ ಹೊಡೆತಕ್ಕೆ ತಿರುಗಿಸಿದ.

ಅದು 949ರ ತಕ್ಕೋಲದ ಯುದ್ಧ. ಇಂದಿನ ತಮಿಳುನಾಡಿನ ಅರಕ್ಕೋಣಂ ಹತ್ತಿರದ ಊರು. ಒಂದು ಕಡೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ, ಇನ್ನೊಂದು ಕಡೆ ಚೋಳ ಯುವರಾಜ ರಾಜಾದಿತ್ಯ. ಕೃಷ್ಣನ ಪರವಾಗಿ ಹೋದ ಬೂತುಗ, ಆನೆಯ ಮೇಲಿದ್ದ ರಾಜಾದಿತ್ಯನನ್ನು ಕೊಂದ. ಯುವರಾಜ ಬಿದ್ದ ಮೇಲೆ ಚೋಳ ಸೇನೆ ನಿಲ್ಲಲಿಲ್ಲ. ಮೆಚ್ಚಿದ ಕೃಷ್ಣ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಕೊಟ್ಟ. ಇದನ್ನೆಲ್ಲ ಹೇಳುವುದು ಮಂಡ್ಯ ಸೀಮೆಯ ಆತಕೂರಿನ ಶಾಸನ. ಹಂದಿಯೊಡನೆ ಸೆಣಸಿ ಸತ್ತ ‘ಕಾಳಿ’ ಎಂಬ ನಾಯಿಯ ನೆನಪೂ ಅದೇ ಕಲ್ಲಿನ ಮೇಲಿದೆ. ಅದೀಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕಾದ ಕಲ್ಲು.

ಈಗ ಊಹೆ. ಆ ದಿನ ರಾಜಾದಿತ್ಯ ಬದುಕಿ ಗೆದ್ದಿದ್ದರೆ? ತಕ್ಕೋಲದ ಸೋಲಿನಿಂದ ಚೋಳರು ಪೂರ್ತಿ ಚೇತರಿಸಿಕೊಂಡದ್ದು 985ರಲ್ಲಿ ರಾಜರಾಜ ಪಟ್ಟಕ್ಕೆ ಬಂದ ಮೇಲೆ. ಅಲ್ಲಿಗೆ 36 ವರ್ಷ. ಈ ಬಿಡುವು ಸಿಗದಿದ್ದರೆ ಗಂಗರ ತಲಕಾಡು ಬೂತುಗನ ಕಾಲಕ್ಕೇ ಬಿದ್ದಿರುತ್ತಿತ್ತು ಅನ್ನಿಸುತ್ತದೆ. ಗಂಗ ರಾಜ್ಯವೇ ಇಲ್ಲದಿದ್ದರೆ ಅದರ ಮಂತ್ರಿ ಚಾವುಂಡರಾಯ ಎಲ್ಲಿಂದ ಬರಬೇಕು? ಶ್ರವಣಬೆಳಗೊಳದ ಬೆಟ್ಟದ ತುದಿಯ ಬಂಡೆಯೊಳಗೆ ಗೊಮ್ಮಟ ಹಾಗೆಯೇ ಅಡಗಿ ಉಳಿಯುತ್ತಿದ್ದ.

ರಾಷ್ಟ್ರಕೂಟ ಸಾಮ್ರಾಜ್ಯವನ್ನು ಉಳಿಸಲು ಕೊನೆಯವರೆಗೆ ಹೋರಾಡಿದವನು ರಾಷ್ಟ್ರಕೂಟನಲ್ಲ, ಗಂಗ. ಗೊತ್ತೇ? 972ರಲ್ಲಿ ಮಾಳವದ ಪರಮಾರ ಸೀಯಕ ಮಾನ್ಯಖೇಟಕ್ಕೆ ನುಗ್ಗಿ ರಾಜಧಾನಿಯನ್ನು ಸೂರೆಮಾಡಿದ. ಮರುವರ್ಷ, ರಾಷ್ಟ್ರಕೂಟರದೇ ಸಾಮಂತನಾಗಿದ್ದ ಚಾಲುಕ್ಯ ತೈಲಪ ಅವರ ದೊರೆ ಎರಡನೆಯ ಕರ್ಕನನ್ನು ಉರುಳಿಸಿದ. ಆಗ ಬೂತುಗನ ಮಗ ಮಾರಸಿಂಹ, ಕೃಷ್ಣನ ಮೊಮ್ಮಗ ಇಂದ್ರನನ್ನು ಪಟ್ಟದಲ್ಲಿ ಕೂರಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಆಗಲಿಲ್ಲ. ಮಾರಸಿಂಹ ಬಂಕಾಪುರದಲ್ಲಿ ಅಜಿತಸೇನ ಗುರುಗಳ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟ. ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ದಾರಿ ಹಿಡಿದ. ಒಂದು ಸಾಮ್ರಾಜ್ಯ ಬಿದ್ದಾಗ ಅದರ ಕೊನೆಯ ಹಕ್ಕುದಾರನೂ ಅವನ ಬೆಂಬಲಿಗನೂ ಇಬ್ಬರೂ ಉಪವಾಸದಿಂದ ದೇಹ ತೊರೆದ ಇನ್ನೊಂದು ಉದಾಹರಣೆ ನನಗೆ ಕಂಡಿಲ್ಲ. ಮಾರಸಿಂಹನ ಯತ್ನ ಫಲಿಸಿದ್ದರೆ ಕಲ್ಯಾಣದ ಚಾಲುಕ್ಯರಿಲ್ಲ. ಅವರಿಲ್ಲದಿದ್ದರೆ ಬಸವಣ್ಣನವರ ಕಾಲದ ಕಲ್ಯಾಣವೆಂಬ ಪಟ್ಟಣವೂ ಆ ಎತ್ತರಕ್ಕೆ ಏರುತ್ತಿರಲಿಲ್ಲ.

ಬಿದ್ದ ಸಾಮ್ರಾಜ್ಯ ಮತ್ತೆ ಎದ್ದದ್ದೂ ನಮ್ಮಲ್ಲೇ ಉಂಟು. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದಾಗ ಅಲ್ಲಿಯ ಚಾಲುಕ್ಯರ ಕತೆ ಮುಗಿಯಿತು ಎಂದೇ ಎಲ್ಲರೂ ತಿಳಿದಿರಬೇಕು. 13 ವರ್ಷಗಳ ನಂತರ, 655ರಲ್ಲಿ, ಇಮ್ಮಡಿ ಪುಲಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯ ಮತ್ತೆ ಸಿಂಹಾಸನ ಕಟ್ಟಿದ. ಅವನು ಬರದಿದ್ದರೆ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಲು ಲೋಕಮಹಾದೇವಿ ಎಂಬ ಚಾಲುಕ್ಯ ರಾಣಿಯೇ ಇರುತ್ತಿರಲಿಲ್ಲ.

ತಲಕಾಡು ಕೊನೆಗೂ ಚೋಳರ ಕೈಸೇರಿದ್ದು 1004ರ ಸುಮಾರಿಗೆ. ಆಗ ಖಾಲಿಯಾದ ಜಾಗಕ್ಕೆ ಮೇಲೆದ್ದು ಬಂದವರು ನಮ್ಮ ಜಿಲ್ಲೆಯ ಮಲೆನಾಡಿನವರು. ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಹಳೆಯ ಸೊಸೆವೂರು, ಹೊಯ್ಸಳರ ಮೂಲಸ್ಥಾನ. 1116ರಲ್ಲಿ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಬಿಡಿಸಿಕೊಂಡ. ಮುಂದಿನ ವರ್ಷವೇ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ. ತಲಕಾಡಿನ ಗಂಗರು ಉಳಿದಿದ್ದರೆ ಹೊಯ್ಸಳರು ಬೆಟ್ಟದ ಪಾಳೆಯಗಾರರಾಗಿ ಬೆಟ್ಟದಲ್ಲೇ ಇರುತ್ತಿದ್ದರೋ ಏನೋ. ಇಲ್ಲಿ ಇನ್ನೊಂದು ಸೋಜಿಗವಿದೆ. ಸಿಂಹಾಸನ ಹೋದರೂ ಗಂಗರು ನಿರ್ನಾಮವಾಗಲಿಲ್ಲ. ಅವರ ಒಂದು ಕವಲು ನಮ್ಮ ಆಸಂದಿಯಲ್ಲಿ ಹೊಯ್ಸಳರ ಸಾಮಂತರಾಗಿ ಬಾಳಿತು. ಯಾರ ಪತನದಿಂದ ಹೊಯ್ಸಳರು ಮೇಲೆ ಬಂದರೋ ಅವರದೇ ವಂಶದವರು ಹೊಯ್ಸಳರಿಗಾಗಿ ಕತ್ತಿ ಹಿಡಿದರು.

‘ಹಾಗಾಗಿದ್ದರೆ’ ಎಂದು ಕೇಳುವುದು ಇತಿಹಾಸಕಾರನಿಗೆ ತಕ್ಕ ಕೆಲಸವೇ? ತಕ್ಕದ್ದೇ, ಹಳೆಯದೂ ಹೌದು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಲಿವಿ ತನ್ನ ಚರಿತ್ರೆಯ 9ನೆಯ ಪುಸ್ತಕದಲ್ಲಿ, ಅಲೆಕ್ಸಾಂಡರ್ ಪೂರ್ವಕ್ಕೆ ಬರುವ ಬದಲು ರೋಮಿನ ಮೇಲೆ ಏರಿ ಹೋಗಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿದ್ದಾನೆ. ರೋಮೇ ಗೆಲ್ಲುತ್ತಿತ್ತು ಎಂಬುದು ಅವನ ತೀರ್ಮಾನ.

ತರೀಕೆರೆ ಪಕ್ಕದ ಅಮೃತಾಪುರಕ್ಕೆ ಹೋಗಿದ್ದೀರಾ? ಹೋಗಿಲ್ಲದಿದ್ದರೆ ಹೋಗಿ. 1196ರಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ ಗುಡಿ. ಅಲ್ಲಿಯ ಶಾಸನಕ್ಕೆ ಪದ್ಯ ಕಟ್ಟಿದವನು ಮುಂದೆ ಯಶೋಧರ ಚರಿತೆ ಬರೆದು ಕವಿಚಕ್ರವರ್ತಿ ಎನ್ನಿಸಿಕೊಂಡ ಜನ್ನ. ಕೆತ್ತಿದವರಲ್ಲಿ ರೂವಾರಿ ಮಲ್ಲಿತಮ್ಮ ಇದ್ದಾನೆ, ದಶಕಗಳ ನಂತರ ಸೋಮನಾಥಪುರದಲ್ಲಿ ಹೆಸರು ಕೆತ್ತಿದವನೂ ಅವನೇ. 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಹೊಯ್ಸಳ ಗುಡಿಗಳು ಬೇಲೂರು, ಹಳೇಬೀಡು, ಸೋಮನಾಥಪುರ ಮೂರೇ. ಅಮೃತಾಪುರ ಅದರಲ್ಲಿಲ್ಲ, ಅದು ನನಗೆ ನೋವಿನ ಸಂಗತಿ. ಈ ಗುಡಿಯ ಹಿಂದೆ ಒಂದು ಯುದ್ಧವಿದೆ. ಗುಡಿ ಏಳುವ ಕೆಲವೇ ವರ್ಷ ಮೊದಲು ಉತ್ತರದಿಂದ ಇಳಿದು ಬಂದ ದೇವಗಿರಿಯ ಸೇವುಣ ಭಿಲ್ಲಮನನ್ನು ಬಲ್ಲಾಳ ಗದಗ ಸೀಮೆಯ ಸೊರಟೂರಿನಲ್ಲಿ ಸೋಲಿಸಿದ. ಅಲ್ಲಿ ಬಲ್ಲಾಳ ಸೋತಿದ್ದರೆ ಸೇವುಣರ ಗಡಿ ನಮ್ಮ ಹೊಲಗಳವರೆಗೂ ಬರುತ್ತಿತ್ತು. ಹೊಯ್ಸಳ ದಂಡನಾಯಕನಿಗೆ ಗುಡಿ ಕಟ್ಟಿಸುವ ಬಿಡುವೆಲ್ಲಿ, ಜನ್ನನಿಗೆ ಆಶ್ರಯವೆಲ್ಲಿ?

ಗಡಿ ಹೋಗಲಿ, 1276ರಲ್ಲಿ ಸೇವುಣರ ಸೈನ್ಯವೇ ಇಲ್ಲಿಗೆ ಬಂದಿತ್ತು! ಸೇವುಣ ರಾಮಚಂದ್ರನ ದಂಡನಾಯಕ ಸಾಳುವ ತಿಕ್ಕಮ ಹೊಯ್ಸಳರ ರಾಜಧಾನಿ ದೋರಸಮುದ್ರವನ್ನೇ ಹಿಡಿಯುತ್ತೇನೆಂದು ಹೊರಟು ಬೆಳವಾಡಿಯಲ್ಲಿ ಪಾಳೆಯ ಬಿಟ್ಟ. ವೀರನಾರಾಯಣ ದೇವಾಲಯವಿರುವ ಅದೇ ಬೆಳವಾಡಿ. ಮೂರನೆಯ ನರಸಿಂಹನ ಪಡೆ ಅಲ್ಲಿ ಅವನನ್ನು ಮುರಿದು, ದುಮ್ಮಿಯವರೆಗೆ ಅಟ್ಟಿಕೊಂಡು ಹೋಯಿತು. ದುಮ್ಮಿ ಇಂದಿನ ಹೊಳಲ್ಕೆರೆ ಕಡೆಯ ಊರು. ಭೂಪಟದಲ್ಲಿ ಬೆಳವಾಡಿಯಿಂದ ದುಮ್ಮಿಗೆ ಗೆರೆ ಎಳೆದು ನೋಡಿ. ಅದು ಹಾಯುವುದು ಕಡೂರು, ಅಜ್ಜಂಪುರದ ಬಯಲಿನ ಮೇಲೆ. ಆ ಓಟದಲ್ಲಿ ಬಿದ್ದವರು ನಮ್ಮ ನೆಲದಲ್ಲೇ ಬಿದ್ದರು.

ಈ ಗೆಲುವನ್ನು ಓದುವಾಗ ನನಗೆ ಹೆಮ್ಮೆಗಿಂತ ಸಂಕಟವೇ ಹೆಚ್ಚು. ಹೊಯ್ಸಳರೂ ಸೇವುಣರೂ ಇಬ್ಬರೂ ಕನ್ನಡದಲ್ಲಿ ಶಾಸನ ಬರೆಸಿದವರು. ಇಬ್ಬರೂ ಕಲ್ಯಾಣದ ಚಾಲುಕ್ಯರ ಅಡಿಯಲ್ಲಿ ಬೆಳೆದವರು. ನೂರು ವರ್ಷ ಒಬ್ಬರನ್ನೊಬ್ಬರು ಬಡಿದುಕೊಂಡೇ ಕಳೆದರು. ಬೆಳವಾಡಿಯ ಯುದ್ಧವಾಗಿ 20 ವರ್ಷಕ್ಕೆ, 1296ರಲ್ಲಿ, ಅಲಾಉದ್ದೀನ ಖಿಲ್ಜಿ ಕೆಲವೇ ಸಾವಿರ ಕುದುರೆಗಳೊಂದಿಗೆ ದೇವಗಿರಿಯ ಬಾಗಿಲಿಗೆ ಬಂದ. ಸೇವುಣರ ಮುಖ್ಯ ಸೈನ್ಯ ರಾಜಕುಮಾರನೊಂದಿಗೆ ದೂರ ಹೋಗಿತ್ತು. ಕೋಟೆಯೊಳಗೆ ತುರ್ತಾಗಿ ಸಾಗಿಸಿದ್ದ ಮೂಟೆಗಳನ್ನು ಬಿಚ್ಚಿ ನೋಡಿದರೆ ಕಾಳಿನ ಬದಲು ಉಪ್ಪು ಇತ್ತು ಎಂದು ಫಿರಿಶ್ತಾ ಬರೆದಿದ್ದಾನೆ. ತಿನ್ನಲು ಏನೂ ಇಲ್ಲದೆ ರಾಮಚಂದ್ರ ಸಂಧಿಗೆ ಒಪ್ಪಿದ. ಉಪ್ಪಿನ ಬದಲು ಜೋಳ ಇದ್ದಿದ್ದರೆ? ಅಷ್ಟು ಸಣ್ಣ ಪಡೆ ಪರನಾಡಿನಲ್ಲಿ ಹೆಚ್ಚು ದಿನ ಮುತ್ತಿಗೆ ಹಾಕಿ ಕೂರಲಾಗುತ್ತಿರಲಿಲ್ಲ. ಆ ಲೂಟಿಯ ಹಣವಿಲ್ಲದೆ ಅಲಾಉದ್ದೀನ ಅದೇ ವರ್ಷ ದೆಹಲಿಯ ಗದ್ದುಗೆ ಏರುವುದೂ ಕಷ್ಟವಿತ್ತು.

1311ರಲ್ಲಿ ಅಲಾಉದ್ದೀನನ ಸೇನಾನಿ ಮಲಿಕ್ ಕಾಫೂರ್ ದೋರಸಮುದ್ರಕ್ಕೆ ಬಂದಾಗ ಅವನಿಗೆ ದವಸಧಾನ್ಯ ಒದಗಿಸಿ ದಾರಿ ತೋರಿಸಿದವನು ಯಾರು? ಅದೇ ದೇವಗಿರಿಯ ರಾಮಚಂದ್ರ. ಮುಮ್ಮಡಿ ಬಲ್ಲಾಳ ಆಗ ಪಾಂಡ್ಯ ಸೋದರರ ಜಗಳದಲ್ಲಿ ಲಾಭ ಹುಡುಕಲು ತೆಂಕಣಕ್ಕೆ ಹೋಗಿದ್ದ. ಸುದ್ದಿ ಕೇಳಿ ಓಡಿ ಬಂದರೂ ಕೈಮೀರಿತ್ತು. ಬಲ್ಲಾಳನ ಮಗ ದೆಹಲಿಗೆ ಹೋಗಬೇಕಾಯಿತು, 1313ರಲ್ಲಿ ಹಿಂತಿರುಗಿದ. ಹೊಯ್ಸಳ, ಸೇವುಣ, ಕಾಕತೀಯ, ಪಾಂಡ್ಯ ಈ ನಾಲ್ವರಲ್ಲಿ ಯಾವ ಇಬ್ಬರು ಒಂದಾಗಿದ್ದರೂ ದಕ್ಷಿಣದ ಕತೆ ಬೇರೆಯೇ ಆಗುತ್ತಿತ್ತು. ಈ ಊಹೆಗೆ ಮಾತ್ರ ನಾನು ಅನುಮಾನವಿಲ್ಲದೆ ಒತ್ತು ಕೊಟ್ಟು ಹೇಳುತ್ತೇನೆ. ಏಕೆಂದರೆ ನಾಲ್ವರೂ ಬಿದ್ದದ್ದು ಒಬ್ಬೊಬ್ಬರಾಗಿ, ಹಿಂದೆ ಬಿದ್ದವನ ನೆರವಿನಿಂದ ಮುಂದಿನವನು.

ಹದಿನಾಲ್ಕು ದಿನದ ಬಿಡುವು ಒಂದು ಸಾಮ್ರಾಜ್ಯವನ್ನೇ ನುಂಗಿತು, ಗೊತ್ತೇ? ಮುಮ್ಮಡಿ ಬಲ್ಲಾಳ 1311ರ ನಂತರವೂ 30 ವರ್ಷ ಸೋಲೊಪ್ಪದೆ ನಿಂತ. 1327ರ ಹೊತ್ತಿಗೆ ತುಘಲಕರ ಪಡೆ ದೋರಸಮುದ್ರವನ್ನು ಹಾಳುಗೆಡವಿದಾಗ ತಿರುವಣ್ಣಾಮಲೆಯನ್ನು ನೆಲೆ ಮಾಡಿಕೊಂಡ. ಮಧುರೆಯಲ್ಲಿ ತಲೆಯೆತ್ತಿದ್ದ ಸುಲ್ತಾನರನ್ನು ಮುಗಿಸಲು ತಿರುಚಿನಾಪಳ್ಳಿ ಬಳಿಯ ಕಣ್ಣನೂರಿಗೆ ಮುತ್ತಿಗೆ ಹಾಕಿದ. ಆಗ ಅವನ ವಯಸ್ಸು 80 ದಾಟಿತ್ತು, ಸೈನ್ಯ ಒಂದು ಲಕ್ಷಕ್ಕೂ ಹೆಚ್ಚು ಎಂದು ಪ್ರವಾಸಿ ಇಬ್ನ್ ಬತೂತ ಹೇಳುತ್ತಾನೆ. ಕೋಟೆಯೊಳಗಿನವರಿಗೆ ಉಳಿದಿದ್ದದ್ದು 14 ದಿನದ ಅನ್ನ. ಕೋಟೆ ಬಿಟ್ಟುಕೊಟ್ಟರೆ ಜೀವ ಉಳಿಸುತ್ತೇನೆಂದ ಬಲ್ಲಾಳ. ನಮ್ಮ ಸುಲ್ತಾನರನ್ನು ಕೇಳಬೇಕು, 14 ದಿನ ಕೊಡಿ ಎಂದರು ಅವರು. ಬಲ್ಲಾಳ ಕೊಟ್ಟ.

ಓಲೆ ಮಧುರೆಗೆ ಹೋಯಿತು. ಸುಲ್ತಾನ ಘಿಯಾಸುದ್ದೀನ್ ಉತ್ತರ ಬರೆಯಲಿಲ್ಲ, ಕೆಲವೇ ಸಾವಿರ ಜನರೊಂದಿಗೆ ತಾನೇ ಬಂದ. ಹೊಯ್ಸಳ ಪಾಳೆಯ ನಡುಹಗಲಿನ ನಿದ್ದೆಯಲ್ಲಿತ್ತು, ಕುದುರೆಗಳನ್ನು ಮೇಯಲು ಬಿಟ್ಟಿದ್ದರು. ಬಂದವರನ್ನು ಮೊದಲು ಕಳ್ಳರೆಂದೇ ತಿಳಿದರಂತೆ. ಮುದುಕ ದೊರೆ ಕುದುರೆ ಹತ್ತಲು ಹೋಗುವಾಗ ಸಿಕ್ಕಿಬಿದ್ದ. ಅವನಿಂದ ಆನೆ, ಹಣ ಎಲ್ಲ ಪಡೆದ ಮೇಲೆ ಕೊಂದು, ಚರ್ಮ ಸುಲಿದು, ಹುಲ್ಲು ತುಂಬಿ ಮಧುರೆಯ ಗೋಡೆಗೆ ನೇತುಹಾಕಿದರು. ಬತೂತ ಅದನ್ನು ಕಣ್ಣಾರೆ ಕಂಡವನು, ಮೇಲಾಗಿ ಘಿಯಾಸುದ್ದೀನನ ಷಡ್ಡಕ. ಹಾಗಾಗಿ ಹೊಯ್ಸಳರನ್ನು ಹೊಗಳುವ ಹಂಗು ಅವನಿಗಿರಲಿಲ್ಲ. ಶಾಸನದ ಪ್ರಕಾರ ಬಲ್ಲಾಳ ಸತ್ತ ದಿನ 1342ರ ಸೆಪ್ಟೆಂಬರ್ 8.

ಬಲ್ಲಾಳ ಆ ಗಡುವನ್ನು ಕೊಡದೇ ಹೋಗಿದ್ದರೆ? ಎರಡು ವಾರದಲ್ಲಿ ಕೋಟೆ ತಾನಾಗಿಯೇ ಕೈಸೇರುತ್ತಿತ್ತು. ಮಧುರೆಯ ಸುಲ್ತಾನರನ್ನು ಕೊನೆಗೆ ಸೋಲಿಸಿದವನು ವಿಜಯನಗರದ ಬುಕ್ಕರಾಯನ ಮಗ ಕುಮಾರಕಂಪಣ, ಅದೂ ಸುಮಾರು 30 ವರ್ಷಗಳ ಮೇಲೆ. ಅವನ ರಾಣಿ ಗಂಗಾದೇವಿ ಆ ದಿಗ್ವಿಜಯವನ್ನು ‘ಮಧುರಾವಿಜಯಂ’ ಎಂಬ ಸಂಸ್ಕೃತ ಕಾವ್ಯ ಮಾಡಿದಳು. 1342ರಲ್ಲೇ ಮಧುರೆ ಬಿದ್ದಿದ್ದರೆ ಆ ಕಾವ್ಯ ಹುಟ್ಟುತ್ತಿರಲಿಲ್ಲ, ಮತ್ತು ಕಾವೇರಿಯಿಂದ ತುಂಗಭದ್ರೆಯವರೆಗೆ ಒಬ್ಬನೇ ದೊರೆ ಇರುತ್ತಿದ್ದ, ಅವನು ಹೊಯ್ಸಳ. ಹರಿಹರ, ಬುಕ್ಕರು ಮೊದಲು ಹೊಯ್ಸಳರ ಸೇವೆಯಲ್ಲಿದ್ದವರು ಎಂಬ ವಿದ್ವಾಂಸರೂ ಇದ್ದಾರೆ, ವಾರಂಗಲ್ಲಿನಿಂದ ಬಂದವರು ಎಂಬುವರೂ ಇದ್ದಾರೆ. ಮೊದಲ ವಾದ ಸರಿಯಾದರೆ, ಗೆದ್ದ ಬಲ್ಲಾಳನ ಕೆಳಗೆ ಅವರು ಗಡಿ ಕಾಯುವ ಮಂಡಲೇಶ್ವರರಾಗಿಯೇ ಉಳಿಯುತ್ತಿದ್ದರು. ಹಂಪಿಯಲ್ಲಿ ವಿರೂಪಾಕ್ಷನ ಪುಟ್ಟ ಗುಡಿಯೊಂದು ಹೊಳೆಯ ದಡದಲ್ಲಿ ಇರುತ್ತಿತ್ತು, ಮಹಾನಗರ ಇರುತ್ತಿರಲಿಲ್ಲ.

ನಡೆದದ್ದು ಬೇರೆ. ಬಲ್ಲಾಳನ ಮಗ ಅಲ್ಪಕಾಲ ಆಳಿದ. 1346ರಲ್ಲಿ ಹರಿಹರ, ಬುಕ್ಕರೂ ಸೇರಿದಂತೆ ಸಂಗಮನ ಐವರು ಮಕ್ಕಳು ಕೂಡಿ ನಮ್ಮ ಜಿಲ್ಲೆಯದೇ ಆದ ಶೃಂಗೇರಿಗೆ ಬಂದು ವಿಜಯೋತ್ಸವ ಮಾಡಿ ಮಠಕ್ಕೆ ದತ್ತಿ ಬಿಟ್ಟರು. ಒಂದು ವಂಶ ಆರಿದ್ದೂ ಇನ್ನೊಂದು ಬೆಳಗಿದ್ದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ.

1565ರ ಜನವರಿ 23. ರಕ್ಕಸಗಿ ತಂಗಡಗಿಯ ಯುದ್ಧದಲ್ಲಿ ಅಳಿಯ ರಾಮರಾಯನ ತಲೆ ಉರುಳಿತು, ವಿಜಯನಗರ ಹಾಳಾಯಿತು ಎಂದು ಶಾಲೆಯಲ್ಲಿ ಓದಿದ್ದೇವೆ. ಎರಡು ವರ್ಷದ ಮೇಲೆ ಅಲ್ಲಿಗೆ ಬಂದು ಏಳು ತಿಂಗಳು ಇದ್ದ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್, ರಾಮರಾಯನದೇ ಇಬ್ಬರು ಸೇನಾನಿಗಳು ಯುದ್ಧದ ನಡುವೆ ಪಕ್ಷ ಬದಲಿಸಿದರು ಎಂದು ಬರೆದಿದ್ದಾನೆ. ಅವರು ಬದಲಿಸದಿದ್ದರೂ ಸಾಮ್ರಾಜ್ಯ ನೆಮ್ಮದಿಯಾಗಿ ಇರುತ್ತಿತ್ತು ಎಂದು ನನಗನ್ನಿಸುವುದಿಲ್ಲ. ರಾಮರಾಯನ ನಂತರ ಪಟ್ಟಕ್ಕೆ ಯಾರು ಎಂಬ ಜಗಳ ಕಾದೇ ಇತ್ತು. ಆದರೆ ನಮ್ಮ ಸೀಮೆಯ ಮಟ್ಟಿಗೆ ವ್ಯತ್ಯಾಸ ದೊಡ್ಡದು. ಹಂಪಿ ಗಟ್ಟಿಯಾಗಿದ್ದರೆ ತರೀಕೆರೆ ಪಾಳೆಯಗಾರರು ಇಲ್ಲಿಗೆ ಬರುತ್ತಲೇ ಇರಲಿಲ್ಲ. ಅವರು ಮೊದಲು ಬಸವಾಪಟ್ಟಣದವರು. ಸಂತೇಬೆನ್ನೂರಿನ ಪುಷ್ಕರಣಿ ಆ ಮನೆತನದ್ದೇ. ಬಿಜಾಪುರದ ರಣದುಲ್ಲಾ ಖಾನನ ದಂಡು ಬಂದು ನೆಲೆ ತಪ್ಪಿದ ಮೇಲೆ ತರೀಕೆರೆಯ ಕಡೆ ಸರಿದರು.

ವಿಜಯನಗರದ ಕೊನೆಯ ಚಕ್ರವರ್ತಿ ಕಡೂರು ತಾಲ್ಲೂಕಿನಲ್ಲಿ ಆಶ್ರಯ ಪಡೆದಿದ್ದ! ಹಂಪಿ ಬಿದ್ದರೂ ಸಾಮ್ರಾಜ್ಯ ಪೆನುಗೊಂಡೆ, ಚಂದ್ರಗಿರಿ, ವೆಲ್ಲೂರುಗಳಲ್ಲಿ ಇನ್ನೂ 80 ವರ್ಷ ಉಸಿರಾಡಿತು. ಅದೂ ಮುಗಿದಾಗ ಶ್ರೀರಂಗರಾಯ ಕೆಳದಿಯ ಶಿವಪ್ಪನಾಯಕನ ಬಳಿಗೆ ಬಂದ. ಒಂದು ಕಾಲದಲ್ಲಿ ಕೆಳದಿಯವರು ವಿಜಯನಗರದ ಸಾಮಂತರು. ಹಳೆಯ ಋಣವನ್ನು ಶಿವಪ್ಪನಾಯಕ ಮರೆಯಲಿಲ್ಲ. ಬೇಲೂರನ್ನೂ ನಮ್ಮ ಸಖರಾಯಪಟ್ಟಣವನ್ನೂ ಶ್ರೀರಂಗನಿಗೆ ಬಿಟ್ಟುಕೊಟ್ಟ, ಅವನ ಪರವಾಗಿ ಶ್ರೀರಂಗಪಟ್ಟಣಕ್ಕೇ ಮುತ್ತಿಗೆ ಹಾಕಿದ. ಕೃಷ್ಣದೇವರಾಯನ ಸಿಂಹಾಸನದ ಹಕ್ಕುದಾರ ಅಯ್ಯನಕೆರೆಯ ನೀರಿನ ಸೀಮೆಯಲ್ಲಿ ದೊರೆತನ ಮಾಡಿದ ಸಂಗತಿಯನ್ನು ಸಖರಾಯಪಟ್ಟಣದಲ್ಲಿ ಒಂದು ಫಲಕದ ಮೇಲಾದರೂ ಬರೆಸಬೇಕು.

ಶ್ರೀರಂಗಪಟ್ಟಣ ಅಂದು ಶಿವಪ್ಪನಾಯಕನ ಕೈಸೇರಲಿಲ್ಲ. ಸೇರಿದ್ದರೆ ಮೈಸೂರು ಒಡೆಯರ ರಾಜ್ಯ ಮೊಳಕೆಯಲ್ಲೇ ನಿಲ್ಲುತ್ತಿತ್ತು. ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ ಎಂಬ ದನಗಳ ಇಲಾಖೆ ಇಲ್ಲ, ಟಿಪ್ಪು ಅದಕ್ಕೆ ಇಟ್ಟ ಅಮೃತಮಹಲ್ ಎಂಬ ಹೆಸರಿಲ್ಲ. ಹೈದರಾಲಿ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿ ಚಿದಂಬರದ ನೆರವಿಗೆ ಹೋದದ್ದು ಈ ಎತ್ತುಗಳು ಫಿರಂಗಿ ಎಳೆದದ್ದರಿಂದ. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ ಇಂದು ಸಾಕುತ್ತಿರುವುದು ಅದೇ ತಳಿಯನ್ನು. ಬಾಸೂರಿನ ಅಮೃತಮಹಲ್ ಕಾವಲು ಈಗ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶ. ಎತ್ತಿಗೆಂದು ಬಿಟ್ಟ ಹುಲ್ಲುಗಾವಲು ಜಿಂಕೆಗಳನ್ನೂ ಉಳಿಸಿತು.

ಕೊನೆಗೊಂದು, ತೀರ ಹತ್ತಿರದ ಕಾಲದ್ದು. 1830ರ ನಗರ (ಬಿದನೂರು) ಸೀಮೆಯ ದಂಗೆಗೆ ತರೀಕೆರೆ ಪಾಳೆಯಗಾರ ಮನೆತನ ಸೇರಿತು. ದಂಗೆಯನ್ನೇ ನೆಪ ಮಾಡಿಕೊಂಡು ಬ್ರಿಟಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡರು. ಅದು ಅರಸರ ಮನೆಗೆ ಮರಳಿದ್ದು 1881ರಲ್ಲಿ. ತರೀಕೆರೆ ಮನೆತನದ ಸರ್ಜಾ ಹನುಮಪ್ಪ ನಾಯಕನನ್ನು 1834ರಲ್ಲಿ ಹಿಡಿದು ಗಲ್ಲಿಗೇರಿಸಿದರು. ಆ ದಂಗೆ ಏಳದೇ ಹೋಗಿದ್ದರೆ ಕಮಿಷನರ್ ಆಡಳಿತದ ಐವತ್ತು ವರ್ಷ ಇರುತ್ತಿರಲಿಲ್ಲ, ಬೆಂಗಳೂರಿನಲ್ಲಿ ಕಮಿಷನರ್ ಕಬ್ಬನ್ ಹೆಸರಿನ ಪಾರ್ಕೂ ಇರುತ್ತಿರಲಿಲ್ಲ. 1863ರಲ್ಲಿ ಅದೇ ಆಡಳಿತ ರಚಿಸಿದ್ದು ಕಡೂರು ಜಿಲ್ಲೆಯನ್ನು. ಅದಕ್ಕೆ ಚಿಕ್ಕಮಗಳೂರು ಎಂಬ ಹೆಸರಾದದ್ದು 1947ರಲ್ಲಿ.